ಬಿಳಿ ರಕ್ತಕಣ ಲಕ್ಷ ದಾಟಿದರೂ ಜ್ವರ ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ 19 ವರ್ಷ. ರಕ್ತದ ಕ್ಯಾನ್ಸರ್, ಎಎಂಎಲ್ ಅಂತ ಹೇಳಿದ್ದಾರೆ. ರಿಪೋರ್ಟಿನಲ್ಲಿ ಬಿಳಿ ಕಣ 1 ಲಕ್ಷ ದಾಟಿದೆ. ರೋಗದ ಜೊತೆ ಹೋರಾಡೋದು ಅವೇ ಅಲ್ವಾ, ಅಷ್ಟಿದ್ದರೂ ಜ್ವರ ಯಾಕೆ ಬಿಡ್ತಿಲ್ಲ? ಪರಿಚಯದವರೊಬ್ಬರು ಎನ್‌ಕೆ ಕಣ ಹೆಚ್ಚಿಸುವ ಪುಡಿ ಇದೆ ಅಂತಾರೆ. ಕೊಡಬಹುದಾ?
– ಒಬ್ಬ ಅಕ್ಕ, ಸೇಡಂ

ಉತ್ತರ: ಪುಡಿ ಬೇಡಮ್ಮ. ಲುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ವಾಸಿ ಮಾಡೋ ಪುಡಿ ಯಾವುದೂ ಇಲ್ಲ. ಅದರಲ್ಲಿ ಏನು ಬೆರೆಸಿದ್ದಾರೋ, ಕಿಮೊ ನಡೆಯುವಾಗ ಲಿವರಿಗೆ ಏನು ಮಾಡುತ್ತೋ ಯಾರಿಗೆ ಗೊತ್ತು.

ಇನ್ನು ಆ 1 ಲಕ್ಷ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಬಿಳಿ ಕಣ ಇರುತ್ತವೆ. ಹೊಲ ಹಸಿರಾಗಿದೆ ಅಂದ ಮಾತ್ರಕ್ಕೆ ತೊಗರಿನೇ ಬೆಳೆದಿದೆ ಅಂತಲ್ಲ, ಕಳೆನೂ ಹಸಿರೇ. ನಿಮ್ಮ ತಮ್ಮನ ರಕ್ತದಲ್ಲಿ ತುಂಬಿರೋದು ಹೆಚ್ಚಾಗಿ ಬ್ಲಾಸ್ಟ್, ಅಂದ್ರೆ ಬಲಿಯದ ಕಣ. ಸೋಂಕಿನ ಜೊತೆ ಹೋರಾಡಲು ಅವಕ್ಕೆ ಬರೋದಿಲ್ಲ. ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೋಫಿಲ್ ಹುಟ್ಟೋದು ಅಸ್ಥಿಮಜ್ಜೆಯಲ್ಲಿ, ಅಲ್ಲಿ ಜಾಗವನ್ನೆಲ್ಲ ಈ ಬ್ಲಾಸ್ಟ್‌ಗಳೇ ಹಿಡಿದಿವೆ. ಅದಕ್ಕೇ ಸೋಂಕು ಸುಲಭವಾಗಿ ತಗಲುತ್ತೆ, ಜ್ವರ ಬಿಡೋದಿಲ್ಲ.

ಎನ್‌ಕೆ ಕಣ ಮಾತ್ರ ಸುಳ್ಳಲ್ಲ. ಪೂರ್ತಿ ಹೆಸರು ನ್ಯಾಚುರಲ್ ಕಿಲ್ಲರ್. 1975ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಲಿಯ ಗುಲ್ಮದಲ್ಲಿ ಇವನ್ನು ಗುರುತಿಸಿದಾಗ ಅವು ಕೊಲ್ಲುತ್ತಿದ್ದದ್ದು ಲುಕೇಮಿಯಾ ಕಣಗಳನ್ನೇ! ಆರೋಗ್ಯವಾಗಿರೋ ಕಣದ ಮೈಮೇಲೆ ಎಂಎಚ್‌ಸಿ-1 ಅನ್ನೋ ಪ್ರೊಟೀನ್ ಇರುತ್ತೆ, ಅದು ಕಂಡರೆ ಎನ್‌ಕೆ ಸುಮ್ನಿರುತ್ತೆ. ಅದು ಕಾಣದೆ, ಕಣ ಕೆಟ್ಟಿದೆ ಅನ್ನೋ ಬೇರೆ ಗುರುತುಗಳು ಸಿಕ್ಕರೆ, ಪರ್ಫೋರಿನ್‌ನಿಂದ ಪೊರೆ ತೂತು ಮಾಡಿ, ಕಣವನ್ನು ಸಾಯಿಸೋ ಗ್ರಾಂಜೈಮ್ ಒಳಗೆ ಬಿಡುತ್ತೆ. ಕಣ ಸಾಯುತ್ತೆ.

ಆದರೆ ಎಎಂಎಲ್ ಕಣ ಈ ಗುರುತುಗಳನ್ನು ಕಳಚಿ ರಕ್ತಕ್ಕೆ ಬಿಟ್ಟುಬಿಡುತ್ತೆ, ಎನ್‌ಕೆ ಕಣಗಳನ್ನೇ ಮಂಕು ಮಾಡುತ್ತೆ. ಮೇಲೆ ಸಿಡಿ47 ಅನ್ನೋ ಪ್ರೊಟೀನ್ ಜಾಸ್ತಿ ಹೊತ್ತು, ಕೆಟ್ಟ ಕಣ ನುಂಗುವ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕಣ ತನ್ನನ್ನು ನುಂಗದಂತೆ ತಡೆಯುತ್ತೆ. ಮಂಕಾದ ಕಣದ ಸಂಖ್ಯೆ ಹೆಚ್ಚಿಸಿ ಏನು ಪ್ರಯೋಜನ ಹೇಳಿ?

ಬೇರೆಯವರ ಎನ್‌ಕೆ ಕಣ ಕೆಲಸ ಮಾಡಬಹುದು. ಇಟಲಿಯ ಪೆರೂಜಾದ ವೈದ್ಯರು 2002ರಲ್ಲಿ ಇದನ್ನು ತೋರಿಸಿದರು: ಅಂಗಾಂಶ ಅರ್ಧ ಮಾತ್ರ ಹೊಂದುವ ಮನೆಯವರಿಂದ ರಕ್ತ ಹುಟ್ಟಿಸುವ ಮೂಲಕಣ ಕಸಿ ಮಾಡಿದಾಗ, ದಾನಿಯ ಎನ್‌ಕೆ ಕಣಗಳಿಗೆ ರೋಗಿಯ ಕಣ ಪರಕೀಯ ಅಂತ ಕಂಡ ಕಡೆ ಎಎಂಎಲ್ ಮರುಕಳಿಸಿದ್ದು ಕಡಿಮೆ. ಕಸಿ ಬೇಕಾ ಬೇಡವಾ ಅನ್ನೋದು ಜೀನ್ ಪರೀಕ್ಷೆ ನೋಡಿ ಡಾಕ್ಟ್ರು ಹೇಳಬೇಕು. ನಿಮ್ಮ ಎಚ್‌ಎಲ್‌ಎ (ಅಂಗಾಂಶ ಹೊಂದುತ್ತಾ ಅಂತ ನೋಡೋ) ಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಕೇಳಿ. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ಪುಡಿಗೆ ಇಟ್ಟ ದುಡ್ಡು ಇಂಥದ್ದಕ್ಕೆ ಇರಲಿ.

ಇದೊಂದು ತಪ್ಪಿಸಬೇಡಿ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತಾ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ನ್ಯೂಟ್ರೋಫಿಲ್ ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿದ್ದಾಗ ಕೆಲವೇ ತಾಸಿನಲ್ಲಿ ಸೋಂಕು ರಕ್ತಕ್ಕೆ ಹರಡಬಹುದು. ಆಸ್ಪತ್ರೆಗೆ ಫೋನ್ ಮಾಡಿ, ನಡುರಾತ್ರಿಯಾದರೂ ಗಾಡಿ ಮಾಡಿಕೊಂಡು ಕಲಬುರಗಿಗೆ ಹೊರಡಿ.