ಕಾಲ್ಬೆರಳನ್ನು ಕೈಗೆ ಜೋಡಿಸಿದರೆ ಆಮೇಲೆ ಕಾಲಿನ ಗತಿ ಏನು?

ಯಂತ್ರಕ್ಕೆ ಸಿಕ್ಕಿ ಕೈ ಹೆಬ್ಬೆರಳು ಕಳೆದುಕೊಂಡ ತಮ್ಮನಿಗೆ ಕಾಲ್ಬೆರಳು ಜೋಡಿಸುವ ಶಸ್ತ್ರಚಿಕಿತ್ಸೆ ಹೇಳಿದ್ದಾರೆ, ಮುಂದೆ ಕುಂಟಬೇಕಾಗುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಎಡಗಾಲಿನ ಹೆಬ್ಬೆರಳು ಈಗ ಬಲಗೈಯಲ್ಲಿದೆ. ನಾನು ಕುಂಟುವುದಿಲ್ಲ, ಬಸ್ ಹೊರಟರೆ ಓಡುತ್ತೇನೆ ಕೂಡ. ಹಾಗೆಂದು ಕಾಲಿಗೆ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾವ ಬೆರಳು ತೆಗೆಯುತ್ತಾರೆ ಎಂಬುದನ್ನು ಮೊದಲು ಕೇಳಿ. ಎರಡೂ ಹಳೆಯ ವಿಧಾನಗಳೇ: 1966ರಲ್ಲಿ ಶಾಂಘೈನಲ್ಲಿ ಎರಡನೆಯ ಬೆರಳನ್ನು, 1968ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಕಾಬೆಟ್ ಎಂಬ ಶಸ್ತ್ರವೈದ್ಯರು ಕಾಲಿನ ಹೆಬ್ಬೆರಳನ್ನು ರಕ್ತನಾಳ ಸಮೇತ ಕೈಗೆ ಜೋಡಿಸಿದ್ದರು. ಎರಡನೆಯದು, ಅಂದರೆ ಹೆಂಗಸರು ಕಾಲುಂಗುರ ತೊಡುವ ಬೆರಳು ಹೋದರೆ ಪಾದಕ್ಕೆ ನಷ್ಟ ಕಡಿಮೆ. ಸಂದನ್ನು ಮುಚ್ಚಿ ಹೊಲಿದ ಮೇಲೆ, ಎಣಿಸಿ ನೋಡಿದವರಿಗಷ್ಟೇ ಕೊರತೆ ಕಾಣುತ್ತದೆ. ಆದರೆ ಅದು ಕೈಯಲ್ಲಿ ಸಣಕಲು. ಹೆಬ್ಬೆರಳು ಕೈಗೆ ಒಳ್ಳೆಯ ಹಿಡಿತ ಕೊಡುತ್ತದೆ, ಬೆಲೆಯನ್ನು ಪಾದ ತೆರುತ್ತದೆ.

ಹೆಜ್ಜೆ ಎತ್ತುವ ಕೊನೆಯ ಕ್ಷಣದಲ್ಲಿ ನೆಲವನ್ನು ಒತ್ತಿ ಮೈಯನ್ನು ಮುಂದಕ್ಕೆ ನೂಕುವುದು ಮುಖ್ಯವಾಗಿ ಹೆಬ್ಬೆರಳೇ. ಅದಿಲ್ಲದಾಗ ಭಾರ ಪಕ್ಕದ ಬೆರಳುಗಳ ಬುಡಕ್ಕೆ ಸರಿಯುತ್ತದೆ. ನನಗೆ ಅಲ್ಲಿ ಚರ್ಮ ದಪ್ಪಗಟ್ಟಿದೆ, ಬಹಳ ಹೊತ್ತು ನಿಂತರೆ ಉರಿಯುತ್ತದೆ. ಇದೇ ಕಾರಣಕ್ಕೆ ಶಸ್ತ್ರವೈದ್ಯರು ಬೆರಳ ಹಿಂದಿನ ಉದ್ದ ಮೂಳೆಯ ತಲೆಯನ್ನು, ಸಾಧ್ಯವಾದರೆ ಬೆರಳಿನದೇ ಬುಡದ ಮೂಳೆಯಲ್ಲಿ ಸುಮಾರು 1 ಸೆಂಟಿಮೀಟರನ್ನೂ ಕಾಲಿನಲ್ಲೇ ಉಳಿಸುತ್ತಾರೆ. ಎಷ್ಟು ಉಳಿಸುತ್ತೀರಿ ಎಂದು ಮುಲಾಜಿಲ್ಲದೆ ವಿಚಾರಿಸಿ.

ನನಗೆ ಯಾರೂ ಹೇಳದಿದ್ದದ್ದು ಚಪ್ಪಲಿಯ ಪಾಡು. ಹವಾಯಿ ಚಪ್ಪಲಿಯ ಪಟ್ಟಿಯನ್ನು ಹಿಡಿಯಲು ಆ ಕಾಲಿನಲ್ಲಿ ಹೆಬ್ಬೆರಳೇ ಇಲ್ಲವಲ್ಲ! ಮೆಟ್ಟಿಲು ಹತ್ತುವಾಗ ನಾನು ಮೇಲೆ, ಚಪ್ಪಲಿ ಕೆಳಗೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಕೊಂಡ ಮೇಲೆ ಆ ಪೇಚಾಟ ನಿಂತಿತು. ಷೂ ಹಾಕಿದರೆ ಖಾಲಿ ಜಾಗಕ್ಕೆ ಮೆತ್ತನೆಯ ಸ್ಪಂಜು ತುರುಕುತ್ತೇನೆ.

ಪಾದದ ಗಾಯ ಕೈಗಿಂತ ನಿಧಾನವಾಗಿ ಮಾಗಿತು. ಕಲೆಯ ಸುತ್ತ ಈಗಲೂ ಜೋಮು, ಚಳಿಗಾಲದಲ್ಲಿ ನೋವು. ತಮ್ಮ ಬೀಡಿ, ಸಿಗರೇಟು ಸೇದುವವನಾದರೆ ಇಂದೇ ಬಿಡಿಸಿ. ಜೋಡಿಸಿದ ಬೆರಳಿಗೂ ಕಾಲಿನ ಗಾಯಕ್ಕೂ ಅದು ಕೇಡು. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ.

ಅವನ ಕೆಲಸ ಏನೆಂದು ನೀವು ಬರೆದಿಲ್ಲ. ಸುತ್ತಿಗೆ, ಸ್ಪ್ಯಾನರ್ ಹಿಡಿಯುವವನಾದರೆ ನಾನು ಹೆಬ್ಬೆರಳನ್ನೇ ಹೇಳುತ್ತೇನೆ. ಮರ ಹತ್ತುವವನೋ ಕಬಡ್ಡಿ ಆಡುವವನೋ ಆದರೆ ವೈದ್ಯರ ಮುಂದೆ ಎರಡನೆಯ ಬೆರಳಿನ ಮಾತೆತ್ತಿ.