ಮಾತು ಸಭ್ಯವಾದರೆ ಆರೋಪ ಮೊಂಡಾಗುವುದೇ?

ಪ್ರಶ್ನೆ: ಸಾರ್ವಜನಿಕ ಹಣ ನುಂಗಿದವರನ್ನೂ ಸುಳ್ಳು ಹೇಳಿ ಅಧಿಕಾರ ಹಿಡಿದವರನ್ನೂ ‘ಮಾನ್ಯರೇ’ ಎಂದೇ ಕರೆಯಬೇಕೆನ್ನುವುದು ಯಾವ ನ್ಯಾಯ? ರಾಜಕೀಯದಲ್ಲಿ ಸಭ್ಯತೆಯೆಂಬುದು ಅಧಿಕಾರಸ್ಥರು ತಮ್ಮ ಸುತ್ತ ಕಟ್ಟಿಕೊಂಡ ಬೇಲಿಯಲ್ಲವೇ?

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ಅನ್ಯಾಯಕ್ಕೊಳಗಾದವರು ನೊಂದು ಕೂಗಿದಾಗ ಅವರ ಅಹವಾಲನ್ನು ಬದಿಗಿಟ್ಟು, ದನಿ ಏರಿತೆಂದು ಆಕ್ಷೇಪಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ; ಅಂಥ ಕಡೆ ಸಭ್ಯತೆಯ ಉಪದೇಶ ಬಾಯಿ ಮುಚ್ಚಿಸುವ ಉಪಾಯವಷ್ಟೇ. ಆದರೆ ಸದನದಲ್ಲಿ ಆಸನ, ಕೈಗೆ ಮೈಕು, ಎದುರಿಗೆ ಕ್ಯಾಮೆರಾ ಎಲ್ಲವೂ ಇರುವ ಜನಪ್ರತಿನಿಧಿಗಳಿಗೆ ಆ ರಿಯಾಯಿತಿ ಸಲ್ಲದು.

ಅವರ ಮಟ್ಟಿಗೆ ನಾನು ಹೇಳಬೇಕಾದದ್ದು ಇಷ್ಟೆ: ಬೈಗುಳದಿಂದ ಹೆಚ್ಚು ಲಾಭವಾಗುವುದು ಬೈಸಿಕೊಂಡವರಿಗೆ. ಮಂತ್ರಿಯೊಬ್ಬರನ್ನು ‘ಕಳ್ಳ’ ಎಂದರೆ ಅವರು ಉತ್ತರಿಸಬೇಕಾದದ್ದು ಏನೂ ಉಳಿಯುವುದಿಲ್ಲ. ತಮಗೂ ತಮ್ಮ ಸಮುದಾಯಕ್ಕೂ ಅವಮಾನವಾಯಿತೆಂದು ಎದ್ದು ನಿಂತರೆ ಸಾಕು, ಮರುದಿನದ ಚರ್ಚೆಯೆಲ್ಲ ಕ್ಷಮೆ ಕೇಳಬೇಕೇ ಬೇಡವೇ ಎಂಬುದರ ಸುತ್ತಲೇ ಸುತ್ತುತ್ತದೆ. ಅದೇ ಮಂತ್ರಿಯನ್ನು, ‘ಈ ಕಾಮಗಾರಿಗೆ ಒಂದೇ ಬಿಡ್ ಬಂದಿದ್ದರೂ ಮರುಟೆಂಡರ್ ಕರೆಯದೆ ಕಾರ್ಯಾದೇಶ ಕೊಟ್ಟದ್ದೇಕೆ, ಕಡತಕ್ಕೆ ತಾವು ಸಹಿ ಹಾಕಿದ ದಿನಾಂಕ ಯಾವುದು’ ಎಂದು ತಣ್ಣಗೆ ಕೇಳಿ ನೋಡಿ. ಕಡತ ತರಿಸದೆ ಅವರಿಗೆ ಗತ್ಯಂತರವಿಲ್ಲ.

ಲೋಕಸಭೆಯ ನಿಯಮಾವಳಿಯ 353ನೇ ನಿಯಮವೂ ಇದನ್ನೇ ನಿರೀಕ್ಷಿಸುತ್ತದೆ. ಯಾರ ಮೇಲಾದರೂ ಮಾನಹಾನಿಕರವಾದ ಆರೋಪ ಮಾಡುವುದಿದ್ದರೆ ಸದಸ್ಯರು ಸಭಾಧ್ಯಕ್ಷರಿಗೂ ಸಂಬಂಧಪಟ್ಟ ಸಚಿವರಿಗೂ ಸಾಕಷ್ಟು ಮುಂಚಿತವಾಗಿ ಸೂಚನೆ ಕೊಟ್ಟಿರಬೇಕು. ಸಚಿವರು ವಿಚಾರಿಸಿ ಉತ್ತರ ಕೊಡಲು ಅನುಕೂಲವಾಗಲೆಂಬುದೇ ಇದರ ಉದ್ದೇಶ. ಆರೋಪಿಸಬೇಡಿ ಎಂದು ನಿಯಮ ಹೇಳುವುದಿಲ್ಲ, ಸಿದ್ಧರಾಗಿ ಬಂದು ಆರೋಪಿಸಿ ಎನ್ನುತ್ತದೆ.

ತೀವ್ರ ಭಿನ್ನಮತಕ್ಕೂ ಗೌರವಕ್ಕೂ ವಿರೋಧವಿಲ್ಲವೆನ್ನಲು ನಮ್ಮ ಸಂವಿಧಾನ ಸಭೆಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಸಂವಿಧಾನದ ಕರಡು ಪ್ರತಿಗೆ 7,635 ತಿದ್ದುಪಡಿಗಳ ಸೂಚನೆ ಬಂದು, ಅವುಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಸಭೆಯ ಸದಸ್ಯ ಪ್ರೊ. ಕೆ.ಟಿ. ಶಾ ಅವರು ಒಂದರ ಮೇಲೊಂದರಂತೆ ತಿದ್ದುಪಡಿ ತಂದರು, ಬಹುಪಾಲು ಬಿದ್ದುಹೋದವು. ಆದರೂ 1949ರ ನವೆಂಬರ್ 25ರ ಭಾಷಣದಲ್ಲಿ ಡಾ. ಅಂಬೇಡ್ಕರ್ ಅವರು ಶಾ, ಕುಂಜ್ರು, ಕಾಮತ್ ಮೊದಲಾದ ಭಿನ್ನಮತದ ಸದಸ್ಯರನ್ನು ಹೆಸರಿಸಿ ನೆನೆದರು. ಅವರ ಸಲಹೆಗಳನ್ನು ತಾವು ಒಪ್ಪಲಿಲ್ಲವೆಂದ ಮಾತ್ರಕ್ಕೆ ಅವುಗಳ ಬೆಲೆಯಾಗಲಿ ಅವರು ಸಭೆಗೆ ಸಲ್ಲಿಸಿದ ಸೇವೆಯಾಗಲಿ ಕಡಿಮೆಯಾಗದು ಎಂಬರ್ಥದ ಮಾತು ಹೇಳಿದರು. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಕಲಾಪ ನೀರಸವಾಗುತ್ತಿತ್ತು ಎಂದೂ ಸೇರಿಸಿದರು. ಮತದಲ್ಲಿ ಗೆದ್ದವರು ಸೋತವರ ಬಗ್ಗೆ ಹೀಗೆ ಮಾತಾಡುವುದನ್ನು ಇಂದು ಕೇಳುತ್ತೇವೆಯೇ ಎಂಬುದನ್ನು ಓದುಗರೇ ಹೇಳಬೇಕು.

ಪ್ರಶ್ನೆ: ನಾಲಿಗೆ ಹರಿಬಿಡುವವರಿಗೆ ಕಾನೂನಿನಿಂದಲೇ ಕಡಿವಾಣ ಹಾಕಬಾರದೇಕೆ?

ಉತ್ತರ: ಸ್ವಲ್ಪಮಟ್ಟಿಗೆ ಹಾಕಲಾಗಿದೆ. ಸದನದೊಳಗಿನ ಮಾತಿಗೆ ಸಂವಿಧಾನದ 105 ಮತ್ತು 194ನೇ ವಿಧಿಗಳು ನ್ಯಾಯಾಲಯದಿಂದ ರಕ್ಷಣೆ ಕೊಟ್ಟಿರುವುದರಿಂದ ಅಲ್ಲಿ ಶಿಸ್ತಿನ ಹೊಣೆ ಸಭಾಧ್ಯಕ್ಷರದೇ. ಅಸಂಸದೀಯ ಪದಗಳನ್ನು ಅವರು ಕಡತದಿಂದ ತೆಗೆಸಬಹುದು. ಆದರೆ ನೇರಪ್ರಸಾರದಲ್ಲಿ ಆಗಲೇ ಕೇಳಿದ ಮಾತನ್ನು ಯಾರ ಕಿವಿಯಿಂದ ತೆಗೆಸುತ್ತೀರಿ? ಚುನಾವಣೆಯ ಕಾಲಕ್ಕೆ ಮಾದರಿ ನೀತಿ ಸಂಹಿತೆಯಿದೆ. ಟೀಕೆಯು ಎದುರಾಳಿ ಪಕ್ಷದ ನೀತಿ, ಕಾರ್ಯಕ್ರಮ ಮತ್ತು ಹಿಂದಿನ ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆದು ತರಬಾರದು ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಅದು ಶಾಸನವಲ್ಲ, ಅದರ ಆಯುಸ್ಸೂ ಫಲಿತಾಂಶದವರೆಗೆ ಮಾತ್ರ.

ಇದಕ್ಕಿಂತ ಬಿಗಿಯಾದ ಕಾನೂನು ಬೇಕೆನ್ನುವವರ ಜೊತೆ ನಾನಿಲ್ಲ. ಒರಟು ಮಾತನ್ನು ಶಿಕ್ಷಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟರೆ ಮೊದಲು ಸಿಕ್ಕಿಬೀಳುವವರು ಸರ್ಕಾರವನ್ನು ಪ್ರಶ್ನಿಸುವವರು. ಅದಕ್ಕಿಂತ ಪಕ್ಷಗಳೇ ಟಿಕೆಟ್ ಹಂಚುವಾಗ ಬಾಯಿಬಡುಕರನ್ನು ಬದಿಗಿರಿಸುವುದು ಪರಿಣಾಮಕಾರಿ. ಸದ್ಯಕ್ಕೆ ಅಂಥವರಿಗೇ ವಕ್ತಾರ ಸ್ಥಾನ ಸಿಗುತ್ತಿರುವುದು ಬೇರೆ ಮಾತು.

ಪ್ರಶ್ನೆ: ಎದುರಿನವರು ಮೊದಲು ಹೀನಾಯವಾಗಿ ಬೈದರೆ ನಾವು ಮಾತ್ರ ಸುಮ್ಮನಿರಬೇಕೇ?

ಉತ್ತರ: ಸುಮ್ಮನಿರಬೇಕಿಲ್ಲ. ಆದರೆ ಬೈದವರನ್ನು ನೀವು ಒಪ್ಪಿಸಲು ಹೊರಟಿಲ್ಲ ಎಂಬುದು ನೆನಪಿರಲಿ. ಇಬ್ಬರ ಮಾತನ್ನೂ ಕೇಳುತ್ತ, ಇನ್ನೂ ತೀರ್ಮಾನಕ್ಕೆ ಬಾರದೆ ಕುಳಿತ ಮೂರನೆಯವರಿಗಾಗಿ ನೀವು ಮಾತಾಡುತ್ತಿದ್ದೀರಿ. ನೀವೂ ಬೈದರೆ ಇಬ್ಬರೂ ಒಂದೇ ಎಂದು ಅವರು ಎದ್ದು ಹೋಗುತ್ತಾರೆ. ಬೈಗುಳದ ನಡುವೆ ಉತ್ತರಕ್ಕೆ ಅರ್ಹವಾದ ಅಂಶ ಒಂದಾದರೂ ಇದ್ದರೆ ಅದನ್ನಷ್ಟೇ ಎತ್ತಿಕೊಂಡು ಉತ್ತರಿಸಿ, ಉಳಿದದ್ದನ್ನು ಬಿಟ್ಟುಬಿಡಿ. ಜಾತಿ ನಿಂದನೆಗೋ ಜೀವ ಬೆದರಿಕೆಗೋ ಇಳಿದರೆ ಮಾತ್ರ ವಾದ ಮುಂದುವರಿಸಬೇಡಿ; ಸಾಕ್ಷ್ಯ ಕಾಪಾಡಿಟ್ಟುಕೊಂಡು ಪೊಲೀಸರಿಗೆ ಲಿಖಿತ ದೂರು ಕೊಡಿ.