ತೊಗರಿ ಹೊಲಕ್ಕೂ ಚಂದ್ರನಿಗೂ ಏನು ಸಂಬಂಧ?

ಪ್ರಶ್ನೆ: ಸರ್, ನಮ್ಮದು ಎಂಟು ಎಕರೆ ತೊಗರಿ. ಹೋದ ಸಲ ನೆಟೆ ರೋಗಕ್ಕೆ ಅರ್ಧ ಬೆಳೆ ಒಣಗಿತು, ಕೇಳುವವರಿಲ್ಲ. ಅತ್ತ ಇಸ್ರೋ 2040ಕ್ಕೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುತ್ತದಂತೆ. ನಮ್ಮಂಥ ದೇಶಕ್ಕೆ ಇದೆಲ್ಲ ಯಾಕೆ? ಆಗುವ ಮಾತೇನ್ರೀ ಇದು? ಒಂಬತ್ತನೇ ಕ್ಲಾಸಿನ ಮಗಳಿಗೆ ಮಾತ್ರ ಇಸ್ರೋ ಹುಚ್ಚು. ಅವಳಿಗೇನು ಹೇಳಲಿ?
– ಓದುಗರು, ಚಿತ್ತಾಪುರ ತಾಲ್ಲೂಕು, ಕಲಬುರಗಿ

ಉತ್ತರ: ದುಡ್ಡಿನ ಮಾತು ಮೊದಲು ಮುಗಿಸೋಣ. 2025-26ರಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟಿದ್ದು ಸುಮಾರು 13,400 ಕೋಟಿ ರೂಪಾಯಿ. ಕೇಂದ್ರದ ಬಜೆಟ್ 50 ಲಕ್ಷ ಕೋಟಿಗೂ ಜಾಸ್ತಿ. ನೂರು ರೂಪಾಯಿಗೆ ಇಪ್ಪತ್ತಾರು ಪೈಸೆ ಅನ್ನಿ. ಅದನ್ನು ಉಳಿಸಿದ್ದರೆ ನಿಮ್ಮ ಹೊಲಕ್ಕೆ ಬರುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

‘ನಮಗ್ಯಾಕೆ’ ಅನ್ನುವ ಪ್ರಶ್ನೆ ಐವತ್ತು ವರ್ಷದ ಹಿಂದೆಯೂ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ನಿಮ್ಮ ಜಿಲ್ಲೆಯಲ್ಲೇ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಕಡ ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ಬೆಂಗಳೂರನ್ನಲ್ಲ, ಗುಲ್ಬರ್ಗ, ರಾಯಚೂರು, ಬಿಜಾಪುರಗಳನ್ನು. ಊರಿಗೆಲ್ಲ ಒಂದೇ ಟಿವಿ. ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯಲ್ಲಿ ಮಾಡಿದ ಹತ್ತು ಅಡಿ ಡಿಶ್. ಅದರಲ್ಲಿ ಬೇಸಾಯ, ಆರೋಗ್ಯ, ಮಕ್ಕಳ ಪಾಠ. ನಿಮ್ಮೂರ ಕಡೆಯ ಹಿರಿಯರನ್ನು ಕೇಳಿ ನೋಡಿ, ಯಾರಿಗಾದರೂ ನೆನಪಿದ್ದೀತು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂದಿದ್ದು ಇದರ ಬೆನ್ನಿಗೇ.

ಇನ್ನು ತೊಗರಿ. ಉಪಗ್ರಹ ನೆಟೆ ರೋಗ ವಾಸಿ ಮಾಡುವುದಿಲ್ಲ. ಎಲ್ಲಿ, ಎಷ್ಟು ಬೆಳೆ ಒಣಗುತ್ತಿದೆ ಅಂತ ತೋರಿಸಬಲ್ಲದು, ಅಷ್ಟೇ. ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಕ್ಯಾಮೆರಾಕ್ಕೆ ಹೊಲವೇ ಕಾಣದು, ರೇಡಾರ್‌ಗೆ ಕಾಣುತ್ತದೆ. 2025ರ ಜುಲೈ 30ರಂದು ಹಾರಿದ ನಿಸಾರ್ ಅಂಥ ರೇಡಾರ್ ಉಪಗ್ರಹ. ಇಸ್ರೋ, ನಾಸಾ ಸೇರಿ ಮಾಡಿದ್ದು. 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು ಮಣ್ಣಿನ ತೇವವನ್ನೂ ಅಳೆಯುತ್ತದೆ. ಆದರೆ ಆ ಮಾಹಿತಿ ಇಲಾಖೆ, ವಿಮೆಯವರನ್ನು ದಾಟಿ ಹೊತ್ತಿಗೆ ಸರಿಯಾಗಿ ನಿಮ್ಮ ಕೈಗೆ ಬರಬೇಕಲ್ವಾ? ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಅದು, ರಾಕೆಟ್ ಅಲ್ಲ.

ಚಂದ್ರನಿಂದ ತೊಗರಿಗೆ ನೇರ ಲಾಭ ಇದೆ ಅಂದರೆ ಸುಳ್ಳಾಗುತ್ತದೆ. ಆದರೂ ಒಂದು ಹಳೇ ಕಥೆ ಕೇಳಿ. 1990ರ ದಶಕದ ಆರಂಭದಲ್ಲಿ ರಷ್ಯಾ ನಮಗೆ ಕ್ರಯೋಜೆನಿಕ್ ಎಂಜಿನ್ (ಅತಿ ತಣ್ಣಗಿನ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್) ತಂತ್ರಜ್ಞಾನ ಕೊಡಲು ಒಪ್ಪಿತ್ತು. ಅಮೆರಿಕದ ಒತ್ತಡಕ್ಕೆ ಹಿಂದೆ ಸರಿಯಿತು. ನಾವೇ ಮಾಡಿಕೊಂಡ ಎಂಜಿನ್ ಗೆದ್ದಿದ್ದು 2014ರ ಜನವರಿಯಲ್ಲಿ. ಈ ನಿಸಾರನ್ನು ಮೇಲೆ ಒಯ್ದ ಜಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಇದ್ದಿದ್ದು ನಮ್ಮದೇ ಕ್ರಯೋಜೆನಿಕ್ ಎಂಜಿನ್. ದುಡ್ಡು ಹಿಡಿದು ನಿಂತರೂ ಕೆಲವು ವಸ್ತು ಯಾರೂ ಮಾರುವುದಿಲ್ಲ, ನಾವೇ ಮಾಡಿ ಕಲಿಯಬೇಕು. ಚಂದ್ರನ ಆಸೆಯ ಪರವಾಗಿ ನಾನು ಹೇಳುವ ಮಾತು ಇಷ್ಟೇ.

ಆಗುವ ಮಾತಾ ಅಂದಿರಿ. ನಮ್ಮ ದೊಡ್ಡ ರಾಕೆಟ್ ಎಲ್‌ವಿಎಂ-3 ಭೂಮಿಯ ಹತ್ತಿರದ ಕಕ್ಷೆಗೆ ಒಯ್ಯುವುದು ಸುಮಾರು 8 ಟನ್. ಮುಂದೆ ಬರಬೇಕಾದ ರಾಕೆಟ್‌ನ ಗುರಿ 30 ಟನ್. ಅಮೆರಿಕದ ಅಪೊಲೊ ಯಾತ್ರಿಗಳನ್ನು ಚಂದ್ರನಿಗೆ ಒಯ್ದ ಸ್ಯಾಟರ್ನ್-5 ರಾಕೆಟ್ ನೂರು ಟನ್ ಮೀರುತ್ತಿತ್ತು. ಅಷ್ಟು ಕಸುವಿಲ್ಲದವರು ಬಿಡಿಬಿಡಿಯಾಗಿ ಕಳಿಸಿ ಮೇಲೆ ಜೋಡಿಸಬೇಕು. 2025ರ ಜನವರಿ 16ರಂದು ಇಸ್ರೋ ‘ಸ್ಪೇಡೆಕ್ಸ್’ ಪ್ರಯೋಗದಲ್ಲಿ ಎರಡು ಪುಟ್ಟ ಉಪಗ್ರಹಗಳನ್ನು ಕಕ್ಷೆಯಲ್ಲೇ ಜೋಡಿಸಿದ್ದು ಇದೇ ತಾಲೀಮು. ಚಂದ್ರನ ಮಣ್ಣು ತರಬೇಕಾದ ಚಂದ್ರಯಾನ-4ಕ್ಕೂ, 2035ರ ಗುರಿಯ ಬಾಹ್ಯಾಕಾಶ ನಿಲ್ದಾಣಕ್ಕೂ ಇದೇ ವಿದ್ಯೆ ಬೇಕು. ದಿನಾಂಕವನ್ನು ಮಾತ್ರ ಜಾಸ್ತಿ ನಂಬಬೇಡಿ. ನಮ್ಮದೇ ರಾಕೆಟ್‌ನಲ್ಲಿ ಮನುಷ್ಯರನ್ನು ಕಳಿಸುವ ಗಗನಯಾನ 2022ಕ್ಕೆ ಅಂದಿದ್ದರು, ಆ ವರ್ಷ ಆಗಲಿಲ್ಲ. ನಿಲ್ದಾಣ ಆದೀತು. ಚಂದ್ರನ ಮೇಲೆ ನಮ್ಮವರು 2040ಕ್ಕೇ ಇಳಿಯುತ್ತಾರೆ ಅಂತ ನಾನು ಪಂದ್ಯ ಕಟ್ಟಲಾರೆ.

ಮಗಳಿಗೆ ಹೇಳಿ: ಒಂಬತ್ತನೇ ಕ್ಲಾಸಿನವರಿಗೆಂದೇ ಇಸ್ರೋ ‘ಯುವಿಕಾ’ ಶಿಬಿರ ನಡೆಸುತ್ತದೆ. ಹಳ್ಳಿ ಶಾಲೆಯವರಿಗೆ ಅದರ ಆಯ್ಕೆಯಲ್ಲಿ ಹೆಚ್ಚಿನ ಅಂಕ ಉಂಟು. ಪಿಯುಸಿ ಆದಮೇಲೆ ತಿರುವನಂತಪುರದ ಬಾಹ್ಯಾಕಾಶ ಕಾಲೇಜು ಐಐಎಸ್‌ಟಿ ಇದೆ, ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ಪ್ರವೇಶ ಪರೀಕ್ಷೆ ಬರೆಯಬೇಕು. ಐಟಿಐ ಕಲಿತ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳನ್ನೂ ಇಸ್ರೋ ತೆಗೆದುಕೊಳ್ಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ.